ಅತ್ತೆಮನೆಯ ಇಗರ್ಜಿ, ತವರುಮನೆಯ ಚರ್ಚು: ರಕ್ಷಣೆಯ ಮಾತನ್ನು ಮನೆಯೊಳಗೆ ಆಡುವ ಬಗೆ

ನನ್ನ ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಪ್ರೊಟೆಸ್ಟೆಂಟ್ ಮಿಶನರಿಗಳ ಬಾಸೆಲ್ ಮಿಶನ್‌ನಿಂದ ಬೆಳೆದ ಸಭೆ ನಮ್ಮದು, ಈಗ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ. ನಾನು ಮದುವೆಯಾಗಿ ಹೋದದ್ದು ಕೊಂಕಣಿ ಮಾತಾಡುವ ಕಥೋಲಿಕರ ಮನೆಗೆ. ಸಂಜೆಯಾದರೆ ಅಲ್ಲಿ ದೀಪ ಹಚ್ಚಿ ತೇರ್ಸ್ ಎಂಬ ಜಪಮಾಲೆ ಪ್ರಾರ್ಥನೆ, ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಮೀಸ್ ಎಂಬ ಪೂಜೆ, ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ಎಂಬ ಮಾತೆ ಮರಿಯಳ ಹುಟ್ಟುಹಬ್ಬ. ಮೂವತ್ತೊಂದು ವರ್ಷ ಆಯಿತು. ಅಷ್ಟೂ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯರಿಬ್ಬರು ಬಂದಿದ್ದರು. ಒಬ್ಬಳು ನಮ್ಮ ಸಭೆಯವಳು, ಕಥೋಲಿಕ ಹುಡುಗನ ಜೊತೆ ನಿಶ್ಚಿತಾರ್ಥ ಆಗಿದೆ. ಇನ್ನೊಬ್ಬಳು ಕಥೋಲಿಕ, ಮದುವೆಯಾಗಿರುವುದು ನಮ್ಮವರ ಮನೆಗೆ. "ಟೀಚರ್, ಊಟಕ್ಕೆ ಕೂತಾಗ ಯಾರಾದರೂ ಪೋಪ್ ವಿಷಯ ಎತ್ತುತ್ತಾರೆ, ಇಲ್ಲವಾದರೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಗುವುದು ನಂಬಿಕೆಯಿಂದಲೋ ಒಳ್ಳೆಯ ಕ್ರಿಯೆಯಿಂದಲೋ ಅಂತ ಶುರುವಾಗುತ್ತದೆ. ಆಮೇಲೆ ಎರಡು ದಿನ ಯಾರೂ ಮಾತಾಡುವುದಿಲ್ಲ. ಏನು ಮಾಡುವುದು?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾತೇ ಬೇಡ ಎಂದು ನಾನು ಹೇಳುವುದಿಲ್ಲ. ಐನೂರು ವರ್ಷದಿಂದ ಜನ ಪ್ರಾಣ ಕೊಟ್ಟು ಉಳಿಸಿಕೊಂಡ ಮಾತು ಅದು. ಆದರೆ ಮಾತಾಡುವುದಕ್ಕೂ ಒಂದು ಕ್ರಮ ಉಂಟು.

ಮೊದಲು ಪದಗಳನ್ನು ಮೇಜಿನ ಮೇಲೆ ಇಡಿ

ಅರ್ಧ ಜಗಳ ಪದಗಳದ್ದು. ನಾವು 'ಕೃಪೆ' ಎನ್ನುವುದನ್ನು ಕನ್ನಡ ಕಥೋಲಿಕರು 'ವರಪ್ರಸಾದ' ಎನ್ನುತ್ತಾರೆ. ನಮ್ಮ 'ಸಭೆ' ಅವರಿಗೆ 'ಧರ್ಮಸಭೆ', ನಮ್ಮ 'ಕರ್ತನು' ಅವರಿಗೆ 'ಪ್ರಭು', ನಮ್ಮ ಹಿರಿಯರ 'ಸತ್ಯವೇದ' ಅವರಿಗೆ 'ಪವಿತ್ರ ಬೈಬಲ್'. ಪೋಪರನ್ನು ಅವರು 'ಜಗದ್ಗುರು' ಎಂದಾಗ ನಮ್ಮ ಕಿವಿಗೆ ಒಂದು ಥರ ಕೇಳಿಸುತ್ತದೆ. ನಾವು ಬರೀ 'ಪೋಪ್' ಎಂದಾಗ ಅವರ ಕಿವಿಗೆ ಮರ್ಯಾದೆ ಕೊಡದ ಹಾಗೆ ಕೇಳಿಸುತ್ತದೆ.

ಇದರಲ್ಲಿ ಕೃಪೆ–ವರಪ್ರಸಾದದ ಜೋಡಿಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಕೃಪೆ ಎಂದರೆ ಒಬ್ಬರು ಇನ್ನೊಬ್ಬರ ಕಡೆ ತೋರಿಸುವ ಮನಸ್ಸು, ಅದು ಕೊಡುವವನಲ್ಲೇ ಇರುತ್ತದೆ. ಪ್ರಸಾದ ಕೈಗೆ ಬರುತ್ತದೆ, ಒಳಗೆ ಹೋಗುತ್ತದೆ. ಭಾಷಾಂತರ ಮಾಡಿದವರು ಇದನ್ನು ಯೋಚಿಸಿಯೇ ಮಾಡಿದರೋ ಇಲ್ಲವೋ, ಎರಡು ಕಡೆಯ ದೇವಶಾಸ್ತ್ರದ ಒಲವು ಮಾತ್ರ ಈ ಎರಡು ಪದಗಳಲ್ಲಿ ಚೆನ್ನಾಗಿ ಕೂತಿದೆ. ದೇವರು ನನ್ನನ್ನು ನೋಡುವ ಬಗೆಯೇ ಬದಲಾಯಿತು ಎನ್ನುವುದಕ್ಕೆ ನಾವು ಒತ್ತು ಕೊಡುತ್ತೇವೆ. ದೇವರ ಜೀವ ನನ್ನೊಳಗೆ ಬಂದು ನನ್ನನ್ನೇ ಬದಲಿಸುತ್ತಿದೆ ಎನ್ನುವುದಕ್ಕೆ ಅವರು. ಆದ್ದರಿಂದ ಮಾತು ಶುರುಮಾಡುವ ಮೊದಲು "ನೀವು ವರಪ್ರಸಾದ ಎಂದರೆ ಏನೆಂದುಕೊಳ್ಳುತ್ತೀರಿ?" ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ.

ಎದುರಿನವರ ಬಾಯಿಗೆ ನೀವೇ ಮಾತು ಹಾಕಬೇಡಿ

ನಾನು ಮಾಡಿದ ತಪ್ಪು ಇದೇ. ಮದುವೆಯಾದ ಮೊದಲ ವರ್ಷ, ತೇರ್ಸ್ ಮುಗಿದು ಅತ್ತೆ ಜಪಮಾಲೆಯನ್ನು ಡಬ್ಬಿಗೆ ಹಾಕುತ್ತಿದ್ದರು. ನಾನು, ಸಂಡೇ ಸ್ಕೂಲಿನಲ್ಲಿ ಕಲಿತದ್ದೇ ಲೋಕ ಎಂದುಕೊಂಡಿದ್ದವಳು, "ನೀವು ಪುಣ್ಯ ಕೂಡಿಸಿ ಸ್ವರ್ಗ ಕೊಂಡುಕೊಳ್ಳುವವರು, ನಮಗೆ ಅದು ಪುಕ್ಕಟೆ" ಎಂದುಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, "ಕೊಂಡುಕೊಳ್ಳಲಿಕ್ಕೆ ನನ್ನ ಹತ್ತಿರ ಏನುಂಟು ಮಗಾ? ಪಾಪಿಗಳಾದ ನಮಗೋಸ್ಕರ ಪ್ರಾರ್ಥಿಸು ಅಂತಲೇ ಅಲ್ಲವಾ ಇಷ್ಟು ಹೊತ್ತು ಕೇಳಿದ್ದು" ಎಂದರು. ಜಪಮಾಲೆಯಲ್ಲಿ ಮರಿಯಳಿಗೆ ಐವತ್ತಮೂರು ಸಲ ಹೇಳಿದ ಮಾತು. ನಾನು ಪಕ್ಕದಲ್ಲೇ ಕೂತಿದ್ದೆ, ಒಂದು ಸಲವೂ ಕಿವಿಗೊಟ್ಟಿರಲಿಲ್ಲ.

ಆಮೇಲೆ ಓದಿಕೊಂಡೆ. ಪ್ರೊಟೆಸ್ಟೆಂಟ್ ಪಂಥಕ್ಕೆ ದಾರಿ ಮಾಡಿದ ಜರ್ಮನ್ ಸನ್ಯಾಸಿ ಮಾರ್ಟಿನ್ ಲೂಥರನ ಬೋಧನೆಗೆ ಉತ್ತರವಾಗಿ ಕೂಡಿದ ತ್ರೆಂತ್ ಮಹಾಸಭೆ, ಅಂದರೆ ಕಥೋಲಿಕ ಬಿಷಪ್ಪರ ಸಭೆ, 1545ರಿಂದ 1563ರವರೆಗೆ ಬಿಟ್ಟುಬಿಟ್ಟು ನಡೆಯಿತು. ರಕ್ಷಣೆಯ ಬಗ್ಗೆ ಅದು ತೀರ್ಮಾನ ಕೊಟ್ಟದ್ದು 1547ರ ಜನವರಿ 13ರಂದು. ಲೂಥರ್ ತೀರಿಕೊಂಡು ಆಗಲೇ ಹನ್ನೊಂದು ತಿಂಗಳಾಗಿತ್ತು. ಅವನು ಅದನ್ನು ಓದಲೇ ಇಲ್ಲ. ಆ ತೀರ್ಮಾನದ ಕೊನೆಗೆ 33 ಖಂಡನಾ ವಿಧಿಗಳಿವೆ. ಮೊದಲನೆಯದೇ ಏನು ಹೇಳುತ್ತದೆ ಗೊತ್ತೇ? ಕ್ರಿಸ್ತನ ಮೂಲಕ ಬರುವ ವರಪ್ರಸಾದವಿಲ್ಲದೆ, ತನ್ನ ಸ್ವಂತ ಕ್ರಿಯೆಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗಬಹುದು ಎನ್ನುವವನಿಗೆ ಬಹಿಷ್ಕಾರ ಎಂದು. ನಾನು ಅತ್ತೆಯ ತಲೆಗೆ ಕಟ್ಟಿದ ಮಾತನ್ನು ಅವರ ಧರ್ಮಸಭೆ ನಾನೂರೈವತ್ತು ವರ್ಷದ ಹಿಂದೆಯೇ ಖಂಡಿಸಿಯಾಗಿತ್ತು.

ಹಾಗೆಂದು ತ್ರೆಂತ್ ನಮ್ಮನ್ನು ಬಿಟ್ಟಿಲ್ಲ. ಒಂಬತ್ತನೆಯ ವಿಧಿ ನೇರವಾಗಿ ನಮ್ಮ ಕಡೆ ತಿರುಗಿದೆ: ನಂಬಿಕೆಯೊಂದೇ ಸಾಕು, ಮನುಷ್ಯನ ಇಚ್ಛೆ ಸ್ವಲ್ಪವೂ ಸಹಕರಿಸಬೇಕಾಗಿಲ್ಲ ಎನ್ನುವವನಿಗೂ ಬಹಿಷ್ಕಾರ. ಇದನ್ನೂ ಮುಚ್ಚಿಡಬೇಡಿ.

ತಪ್ಪು ಆ ಕಡೆಯೂ ಆಗುತ್ತದೆ. ನನ್ನ ಭಾವ ಒಮ್ಮೆ, "ನಿಮ್ಮಲ್ಲಿ ನಂಬಿದರೆ ಆಯಿತು, ಆಮೇಲೆ ಏನು ಬೇಕಾದರೂ ಮಾಡಬಹುದು" ಎಂದರು. ಆಗ ನನಗೆ ನೆನಪಾದದ್ದು ನನ್ನ ಅಜ್ಜಿ. ಅನ್ನಕ್ಕೆ ಅಕ್ಕಿ ಅಳೆಯುವಾಗ ಸೇರಿನಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಮನೆಯಲ್ಲಿ ಒಂಬತ್ತು ಬಾಯಿ, ಅಕ್ಕಿ ಸಾಲದ ದಿನವೂ ಆ ಹಿಡಿ ತಪ್ಪುತ್ತಿರಲಿಲ್ಲ. ತಿಂಗಳ ಕೊನೆಗೆ ಡಬ್ಬಿ ಸಭೆಯ ಬಡವರಿಗೆ ಹೋಗುತ್ತಿತ್ತು. "ಇದು ರಕ್ಷಣೆಗಾ ಅಜ್ಜಿ?" ಎಂದು ಕೇಳಿದ್ದೆ. "ರಕ್ಷಣೆಗೆ ಅಲ್ಲ, ರಕ್ಷಣೆ ಸಿಕ್ಕಿದ್ದಕ್ಕೆ" ಎಂದಿದ್ದರು. ರೋಮಾಪುರದ ಪತ್ರಕ್ಕೆ ಬರೆದ ಮುನ್ನುಡಿಯಲ್ಲಿ ಲೂಥರನೂ ಇದನ್ನೇ ಹೇಳುತ್ತಾನೆ: ನಂಬಿಕೆ ಜೀವಂತವಾದದ್ದು, ಸದಾ ಕೆಲಸದಲ್ಲಿ ತೊಡಗಿರುವಂಥದ್ದು, ಒಳ್ಳೆಯದನ್ನು ಮಾಡದೆ ಅದಕ್ಕೆ ಇರಲಿಕ್ಕೇ ಆಗುವುದಿಲ್ಲ ಎಂದು. ಭಾವನಿಗೆ ನಾನು ಲೂಥರನ ಹೆಸರು ಹೇಳಲಿಲ್ಲ. ಹಿಡಿ ಅಕ್ಕಿಯ ಕಥೆ ಹೇಳಿದೆ.

ಎರಡು ವಚನ, ಒಂದು 'ಏ' ಕಾರ

ಇದು ಮನೆಯಲ್ಲಿ ಮಾಡಿ ನೋಡಬಹುದಾದ ಪಾಠ. ನಿಮ್ಮ ಬೈಬಲ್, ಅವರ ಬೈಬಲ್ ಎರಡನ್ನೂ ತೆರೆದಿಡಿ. ರೋಮಾಪುರದವರಿಗೆ ಬರೆದ ಪತ್ರ 3:28, ಯಾಕೋಬನ ಪತ್ರ 2:24. ಮನುಷ್ಯ ನೀತಿವಂತನೆನಿಸುವುದು ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ, ನಂಬಿಕೆಯಿಂದ ಎಂದು ಪೌಲ. ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದ ಎಂದು ಯಾಕೋಬ. ಎರಡನ್ನೂ ಗಟ್ಟಿಯಾಗಿ ಓದಿಸಿ. ನಮ್ಮವರು ಯಾಕೋಬನನ್ನು ಓದಲಿ, ಅವರು ಪೌಲನನ್ನು ಓದಲಿ.

ಈಗ ಪೌಲನ ವಚನದಲ್ಲಿ 'ನಂಬಿಕೆಯಿಂದ' ಎಂದಿದೆಯೋ, 'ನಂಬಿಕೆಯಿಂದಲೇ' ಎಂದಿದೆಯೋ ನೋಡಿ. ಮೂಲ ಗ್ರೀಕಿನಲ್ಲಿ 'ಮಾತ್ರ' ಎನ್ನುವ ಪದ ಇಲ್ಲ. ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತರುವಾಗ 'ಅಲೈನ್', ಅಂದರೆ 'ಮಾತ್ರ' ಎಂದು ಸೇರಿಸಿದ. ಜನ ಆಕ್ಷೇಪಿಸಿದರು. ಜರ್ಮನ್ ಆಡುವವರು ಈ ಅರ್ಥವನ್ನು ಹೀಗೆಯೇ ಹೇಳುತ್ತಾರೆ, ಪೌಲನ ಅಭಿಪ್ರಾಯವೂ ಇದೇ ಎಂದು 1530ರಲ್ಲಿ ಅವನು ಉತ್ತರ ಬರೆದ. ನಮ್ಮ ಭಾಷೆಯಲ್ಲಾದರೆ ಅದಕ್ಕೆ ಬೇರೆ ಪದವೇ ಬೇಡ, ಕೊನೆಯಲ್ಲಿ ಒಂದು 'ಏ' ಬಿದ್ದರೆ ಸಾಕು. 'ನಂಬಿಕೆಯೊಂದೇ' ಎನ್ನುವ ಮಾತು ಹೊಸ ಒಡಂಬಡಿಕೆಯಲ್ಲಿ ನೇರವಾಗಿ ಬರುವುದು ಯಾಕೋಬನ ಆ ಒಂದೇ ವಚನದಲ್ಲಿ, ಅದೂ 'ಅಲ್ಲ' ಎಂಬುದರ ಜೊತೆ. ಕಥೋಲಿಕರು ಇದನ್ನು ಎತ್ತಿಯೇ ಎತ್ತುತ್ತಾರೆ, ಎತ್ತುವುದು ನ್ಯಾಯವೂ ಹೌದು. ಲೂಥರನಿಗೆ ಯಾಕೋಬನ ಪತ್ರ ಹಿಡಿಸಲಿಲ್ಲ, ಹುಲ್ಲಿನ ಪತ್ರ ಎಂದು ಕರೆದ. ಆದರೂ ತನ್ನ ಬೈಬಲ್‌ನಿಂದ ಅದನ್ನು ತೆಗೆಯಲಿಲ್ಲ.

ನಾನು ಈ ಎರಡು ವಚನಗಳನ್ನು ಹೀಗೆ ಓದುತ್ತೇನೆ. ದೇವರ ಮನೆಯೊಳಗೆ ಬರುವ ಬಾಗಿಲಿನ ಮಾತು ಪೌಲನದು, ಒಳಗೆ ಬಂದವನ ಬಾಳಿನ ಮಾತು ಯಾಕೋಬನದು. ಇದು ನಮ್ಮ ಕಡೆಯ ಓದು. ಅತ್ತೆಯ ಓದು ಬೇರೆ: ಬಾಗಿಲೂ ಬಾಳೂ ಒಂದೇ ರಕ್ಷಣೆಯ ಎರಡು ಹಂತ, ನಡುವೆ ಗೋಡೆ ಎಬ್ಬಿಸಬೇಡ ಎನ್ನುತ್ತಾರೆ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8, 9, 10ನೇ ವಚನಗಳನ್ನು ಒಟ್ಟಿಗೆ ಓದಿ. ನಮ್ಮವರು 9ಕ್ಕೆ ನಿಲ್ಲಿಸುತ್ತಾರೆ. ಸತ್ಕ್ರಿಯೆಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದು ಎನ್ನುವ ಮಾತು 10ರಲ್ಲಿದೆ.

'ಎಂದು' ಮತ್ತು 'ಆಗಿ'

ಇದೇ ಗಂಟಿನ ಒಳಗಂಟು. ದೇವರು ಪಾಪಿಯನ್ನು ನೀತಿವಂತನೆಂದು ಎಣಿಸುತ್ತಾನೋ, ನೀತಿವಂತನಾಗಿ ಮಾಡುತ್ತಾನೋ? ನಾವು ಮೊದಲನೆಯದನ್ನು ಹೇಳುತ್ತೇವೆ. ನ್ಯಾಯಾಧೀಶ ತೀರ್ಪು ಕೊಟ್ಟ ಹಾಗೆ: ಕ್ರಿಸ್ತನ ನೀತಿ ನನ್ನ ಲೆಕ್ಕಕ್ಕೆ ಬಂತು, ನಾನಿನ್ನೂ ಪಾಪಿಯೇ ಆದರೂ ಬಿಡುಗಡೆ ಆಯಿತು. ತ್ರೆಂತ್ ಎರಡನೆಯದನ್ನು ಹೇಳಿತು: ಪಾಪ ಕ್ಷಮೆಯಾಗುವುದಷ್ಟೇ ಅಲ್ಲ, ಒಳಗಿನ ಮನುಷ್ಯ ಪವಿತ್ರನಾಗುವುದೂ ಹೊಸಬನಾಗುವುದೂ ಅದರಲ್ಲಿ ಸೇರಿದೆ ಎಂದು.

ನನ್ನ ಗಂಡ ಇದನ್ನು ವಿವರಿಸುವುದು ಹಿತ್ತಾಳೆ ಪಾತ್ರೆಯಿಂದ. "ನಿಮ್ಮದು ಕಲಾಯಿ ಹಾಕಿದ ಹಾಗೆ, ಒಳಗಿನ ಹಿತ್ತಾಳೆ ಹಾಗೇ ಇರುತ್ತದೆ. ನಮ್ಮದು ಹುಣಸೆಹಣ್ಣು ಹಾಕಿ ತಿಕ್ಕಿದ ಹಾಗೆ, ಪಾತ್ರೆಯೇ ಹೊಳೆಯಬೇಕು." ಚೆಂದದ ಹೋಲಿಕೆ, ಆದರೆ ಅರ್ಧ ಮಾತ್ರ ಸರಿ. ತಿಕ್ಕುವುದು ನಮ್ಮಲ್ಲೂ ಉಂಟು, ಪವಿತ್ರೀಕರಣ ಎಂದು ಅದಕ್ಕೆ ಬೇರೆ ಹೆಸರಿಟ್ಟಿದ್ದೇವೆ. ನಮ್ಮ ಹಟ ಒಂದೇ: ಪಾತ್ರೆ ಎಷ್ಟು ಹೊಳೆಯುತ್ತದೆ ಎನ್ನುವುದರ ಮೇಲೆ ಯಜಮಾನ ಅದನ್ನು ಒಳಗಿಟ್ಟುಕೊಳ್ಳುವುದು ನಿಂತಿಲ್ಲ. ನನಗೆ ಇದು ಬರೀ ವಾದವಲ್ಲ. ನನ್ನ ತಾಯಿ ಕೊನೆಯ ಆರು ತಿಂಗಳು ಹಾಸಿಗೆಯಲ್ಲಿದ್ದಾಗ, ಪ್ರಾರ್ಥನೆಗೂ ಮಾತು ಕೂಡುತ್ತಿರಲಿಲ್ಲ. ಆಗ ನನಗೆ ಹಿಡಿದುಕೊಳ್ಳಲಿಕ್ಕೆ ಇದ್ದದ್ದು ಆ 'ಎಂದು' ಒಂದೇ.

ಈ ವಿಷಯ ಬಂದಾಗ 1999ರ ಅಕ್ಟೋಬರ್ 31ರ ಕಥೆಯನ್ನು ತಪ್ಪದೆ ಹೇಳಿ. ಲೂಥರ್ ತನ್ನ 95 ವಾದಗಳನ್ನು ಹೊರತಂದದ್ದು 1517ರ ಅದೇ ತಾರೀಕಿನಂದು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಜಾಗತಿಕ ಒಕ್ಕೂಟವೂ ಕಥೋಲಿಕ ಧರ್ಮಸಭೆಯೂ ಕೂಡಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಅದರ ತಿರುಳು ಇಷ್ಟು: ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿ ನಂಬಿಕೆಯಿಂದ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನೆ, ಆತನ ಆತ್ಮ ನಮ್ಮ ಹೃದಯವನ್ನು ಹೊಸದು ಮಾಡಿ ಸತ್ಕ್ರಿಯೆಗಳಿಗೆ ಕರೆಯುತ್ತದೆ. ಅಲ್ಲಿ ವಿವರಿಸಿದ ಬೋಧನೆಗೆ ಹದಿನಾರನೆಯ ಶತಮಾನದ ಬಹಿಷ್ಕಾರಗಳು ತಟ್ಟುವುದಿಲ್ಲ ಎಂದೂ ಒಪ್ಪಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟ ಇದಕ್ಕೆ ಕೈ ಜೋಡಿಸಿದವು. ಎಲ್ಲರೂ ಒಪ್ಪಿದರು ಎಂದು ಮಾತ್ರ ಹೇಳಬೇಡಿ. ಜರ್ಮನಿಯ ಅನೇಕ ಪ್ರೊಟೆಸ್ಟೆಂಟ್ ಪ್ರಾಧ್ಯಾಪಕರು ವಿರೋಧಿಸಿದ್ದರು. ಕ್ಷಮೆ ಪಡೆದವನು ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಹೌದು ಎಂಬ ಲೂಥರನ ಮಾತಿಗೆ ರೋಮ್‌ನಿಂದಲೂ ತಕರಾರು ಬಂದಿತ್ತು.

ಆದರೂ ಇಷ್ಟು ಹತ್ತಿರ ಬಂದಿರುವಾಗ ಮನೆಯ ಮೇಜಿನ ಮೇಲೆ 1547ನ್ನೇ ಮತ್ತೆ ಮತ್ತೆ ಆಡುವುದು ಸರಿಯಲ್ಲ.

ಅಧಿಕಾರದ ಮಾತನ್ನು ಬೇರೆ ದಿನಕ್ಕೆ ಇಡಿ

ನನ್ನ ಮುಖ್ಯ ಸಲಹೆ ಇದು. 'ನಾನು ಹೇಗೆ ರಕ್ಷಣೆ ಹೊಂದುತ್ತೇನೆ' ಮತ್ತು 'ಅದನ್ನು ಹೇಳುವ ಹಕ್ಕು ಯಾರದು' ಎರಡು ಪ್ರಶ್ನೆಗಳು. ಒಂದೇ ಉಸಿರಿನಲ್ಲಿ ಎರಡನ್ನೂ ಆಡಿದರೆ, ಮೊದಲನೆಯದರಲ್ಲಿ ಸಿಕ್ಕಿದ ಒಪ್ಪಿಗೆಯೂ ಎರಡನೆಯದರ ಬಿಸಿಗೆ ಕರಗಿಹೋಗುತ್ತದೆ. ದೂರ ಉಳಿದಿರುವುದು ಎರಡನೆಯದರಲ್ಲಿ.

ಶುರುವಿಗೆ ಎರಡು ಬೈಬಲ್‌ಗಳ ಪುಸ್ತಕಗಳನ್ನು ಎಣಿಸಿ. ನಮ್ಮದರಲ್ಲಿ 66, ಅವರದರಲ್ಲಿ 73. ತೊಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕ ಹೆಚ್ಚಿಗೆ. ಸತ್ತವರಿಗಾಗಿ ಪ್ರಾರ್ಥಿಸುವ ಪ್ರಸಂಗ ಮಕ್ಕಬಿಯರ ಎರಡನೆಯ ಪುಸ್ತಕದ 12ನೇ ಅಧ್ಯಾಯದಲ್ಲಿದೆ. "ಅದು ಬೈಬಲ್‌ನಲ್ಲೇ ಇಲ್ಲ" ಎಂದು ನಾವು, "ಇದೆಯಲ್ಲ" ಎಂದು ಅವರು. ಎರಡೂ ಸರಿ, ಅವರವರ ಪುಸ್ತಕದಲ್ಲಿ.

ಇಲ್ಲಿಂದಲೇ ಕಥೋಲಿಕರ ಅತಿ ಬಲವಾದ ಪ್ರಶ್ನೆ ಹುಟ್ಟುತ್ತದೆ: ಬೈಬಲ್‌ನಲ್ಲಿ ಇಂತಿಷ್ಟೇ ಪುಸ್ತಕ ಎಂದು ಹೇಳಿದವರು ಯಾರು? ಸಭೆಯೇ ಅಲ್ಲವೇ? ನಮ್ಮವರು ಇದಕ್ಕೆ ಮುಖ ತಿರುಗಿಸಬಾರದು. ನಾನು ಹೇಳುವ ಉತ್ತರ: ಒರೆಗಲ್ಲಿಗೆ ಹಚ್ಚಿ ಇದು ಬಂಗಾರ ಎಂದ ಅಕ್ಕಸಾಲಿ ಬಂಗಾರ ಮಾಡಿದವನಲ್ಲ, ಗುರುತಿಸಿದವನು. ಅದಕ್ಕೆ ಗಂಡ ಕೇಳುತ್ತಾರೆ, "ಅಕ್ಕಸಾಲಿ ತಪ್ಪಲಿಲ್ಲ ಎಂದು ನಿನಗೆ ಹೇಗೆ ಗೊತ್ತು?" ಇದು ಒಳ್ಳೆಯ ಪ್ರಶ್ನೆ. ನಾನು ಇನ್ನೂ ಅದರ ಜೊತೆ ಬದುಕುತ್ತಿದ್ದೇನೆ.

ನಮ್ಮ ಕಡೆಯ ಬಲವಾದ ಪ್ರಶ್ನೆಯನ್ನು ಅವರೂ ಹೊತ್ತುಕೊಳ್ಳಬೇಕು: ಹೇಳುವವರೇ ತಪ್ಪಿದರೆ ತಿದ್ದುವವರು ಯಾರು? ಲೂಥರ್ ಮೊದಲು ಎತ್ತಿದ್ದು ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಹಣಕ್ಕೆ ಕೊಡುತ್ತಿದ್ದ ಚೀಟಿಗಳ ಮಾತನ್ನು. ಆದರೆ 1519ರ ಲೈಪ್‌ಜಿಗ್ ವಾದದಲ್ಲಿ ಕಥೋಲಿಕರ ಪರ ವಾದಿಸಿದ ದೇವಶಾಸ್ತ್ರಿ ಯೋಹಾನ್ ಎಕ್ ಅವನನ್ನು ನಿಜವಾದ ಜಾಗಕ್ಕೆ ಎಳೆದು ತಂದ. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಬೊಹೆಮಿಯಾದ ಸುಧಾರಕ ಯಾನ್ ಹಸ್‌ನನ್ನು ಖಂಡಿಸಿ ಸುಡಲು ಬಿಟ್ಟುಕೊಟ್ಟಿತ್ತಲ್ಲ, ಆ ಹಸ್‌ನ ಮಾತುಗಳಲ್ಲಿ ಕೆಲವು ಕ್ರೈಸ್ತವಾಗಿಯೇ ಇವೆ ಎಂದು ಲೂಥರ್ ಒಪ್ಪಿಕೊಳ್ಳಬೇಕಾಯಿತು. ಅಂದರೆ ಮಹಾಸಭೆಯೂ ತಪ್ಪಬಹುದು ಎಂದಾಯಿತು. 1521ರ ಏಪ್ರಿಲ್‌ನಲ್ಲಿ ವರ್ಮ್ಸ್ ನಗರದಲ್ಲಿ, ಚಕ್ರವರ್ತಿಯ ಮುಂದೆ, ಪೋಪರೂ ಮಹಾಸಭೆಗಳೂ ಅನೇಕ ಸಲ ತಪ್ಪಿದ್ದಾರೆ, ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಕಟ್ಟುಬಿದ್ದಿದೆ ಎಂದು ಅವನು ನಿಂತ. ಒಬ್ಬ ಸನ್ಯಾಸಿ, ಪ್ರಾಣ ಹೋಗಬಹುದು ಎಂದು ಗೊತ್ತಿದ್ದೂ. ಇದನ್ನು ಓದುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಪೋಪರ ವಿಷಯ ಬಂದರೆ ನಮ್ಮವರು ಸಾಮಾನ್ಯವಾಗಿ ಎಡವುವ ಕಡೆ ಒಂದುಂಟು. ಪೋಪ್ ಹೇಳಿದ್ದೆಲ್ಲ ತಪ್ಪಾಗಲಾರದು ಎಂದು ಕಥೋಲಿಕರು ನಂಬುವುದಿಲ್ಲ. 1870ರ ಜುಲೈ 18ರಂದು ಮೊದಲನೆಯ ವ್ಯಾಟಿಕನ್ ಮಹಾಸಭೆ ಹೇಳಿದ್ದು ಇಷ್ಟು: ಎಲ್ಲ ಕ್ರೈಸ್ತರ ಪಾಲಕನಾಗಿ, ವಿಶ್ವಾಸ ಅಥವಾ ನೈತಿಕತೆಯ ವಿಷಯದಲ್ಲಿ, ಇಡೀ ಧರ್ಮಸಭೆಗೆ ಕಡ್ಡಾಯವೆಂದು ವಿಧ್ಯುಕ್ತವಾಗಿ ಘೋಷಿಸಿದಾಗ ಮಾತ್ರ. ಆಮೇಲೆ ಹಾಗೆ ಘೋಷಿಸಿದ್ದು ಒಂದೇ ಸಲ, 1950ರ ನವೆಂಬರ್ 1ರಂದು, ಮಾತೆ ಮರಿಯಳು ದೇಹಸಮೇತ ಸ್ವರ್ಗಕ್ಕೆ ಸ್ವೀಕೃತಳಾದಳು ಎಂದು. ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅದನ್ನು ಕಡ್ಡಾಯ ಮಾಡುವಷ್ಟು ಆಧಾರ ವಾಕ್ಯದಲ್ಲಿ ನನಗೆ ಕಾಣುವುದಿಲ್ಲ. ಆದರೆ ಒಪ್ಪದಿರುವುದಾದರೆ ಅವರು ನಿಜವಾಗಿ ಹೇಳಿದ್ದನ್ನು ಒಪ್ಪದಿರೋಣ.

ಕಥೋಲಿಕ ಮನೆಯವರಿಗೂ ಒಂದು ಮಾತು. 'ವಾಕ್ಯ ಮಾತ್ರ' ಎಂದರೆ ನಾವು ಪ್ರತಿಯೊಬ್ಬರೂ ನಮಗೆ ತೋಚಿದ ಹಾಗೆ ಬೈಬಲ್ ಓದಿಕೊಳ್ಳುತ್ತೇವೆ ಎಂದಲ್ಲ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ನಮ್ಮ ಸಿಎಸ್‌ಐಗೆ ಬಿಷಪ್ಪರಿದ್ದಾರೆ, ಸಿನೊಡ್ ಎಂಬ ಆಡಳಿತ ಸಭೆ ಇದೆ, ನಿಕೇಯದ ವಿಶ್ವಾಸಪ್ರಮಾಣ ಇದೆ. ಅವೆಲ್ಲಕ್ಕೂ ನಾವು ಕಿವಿಗೊಡುತ್ತೇವೆ, ಆದರೆ ಅವುಗಳನ್ನು ತೂಗುವ ತಕ್ಕಡಿ ವಾಕ್ಯ. ಇತ್ತ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೂ, ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ ಎಂದಿದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಸೇವಕ ತಪ್ಪು ಓದಿದ ಎಂದು ಹೇಳುವ ಅವಕಾಶ ಕೊನೆಗೆ ಉಂಟೋ ಇಲ್ಲವೋ ಎನ್ನುವಲ್ಲಿ.

ಮತ್ತಾಯ 16:18, ಅಂದರೆ 'ನೀನು ಪೇತ್ರ, ಈ ಬಂಡೆಯ ಮೇಲೆ' ಎನ್ನುವ ವಚನವನ್ನು ಎತ್ತಿದರೆ, ಕಟ್ಟುವ ಬಿಚ್ಚುವ ಅಧಿಕಾರವನ್ನು ಎಲ್ಲ ಶಿಷ್ಯರಿಗೂ ಕೊಡುವ 18:18ನ್ನೂ ಓದಿ. ಬೀಗದ ಕೈಗಳು ಮಾತ್ರ ಪೇತ್ರನಿಗೇ ಸಿಕ್ಕಿದ್ದು ಎನ್ನುವುದನ್ನೂ ನೋಡಿ. ಇದರಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಒಂದೇ ವಚನದಿಂದ ಯಾರ ಮನಸ್ಸೂ ಬದಲಾದದ್ದನ್ನು ನಾನು ಕಂಡಿಲ್ಲ.

ಮದುವೆಗೆ ಮೊದಲು ಕೇಳಿ ತಿಳಿಯಬೇಕಾದ್ದು

ದೀಕ್ಷಾಸ್ನಾನದಲ್ಲಿ ಜಗಳವಿಲ್ಲ. ನೀರಿನಿಂದ, ತ್ರಿಯೇಕ ದೇವರ ಹೆಸರಿನಲ್ಲಿ ಆಗಿದ್ದರೆ ನಮ್ಮದನ್ನು ಅವರು ಒಪ್ಪುತ್ತಾರೆ, ಮತ್ತೆ ಮಾಡಿಸುವುದಿಲ್ಲ. ಮದುವೆಗೆ ಕಥೋಲಿಕರಾದವರು ತಮ್ಮ ಧರ್ಮಸಭೆಯ ಅನುಮತಿ ಪಡೆಯಬೇಕು. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದ್ದೆಲ್ಲ ಮಾಡುತ್ತೇನೆ ಎಂದು ಮಾತು ಕೊಡಬೇಕು. 1970ರ ನಂತರ ಆ ಮಾತನ್ನು ಕಥೋಲಿಕರಲ್ಲದ ನೀವು ಕೊಡಬೇಕಾಗಿಲ್ಲ, ಆದರೆ ಅವರು ಕೊಟ್ಟಿದ್ದಾರೆ ಎಂದು ನಿಮಗೆ ತಿಳಿಸಿರುತ್ತಾರೆ. ಈ ಮಾತನ್ನು ಹಾಲ್ ಬುಕ್ ಮಾಡುವ ಮೊದಲು ಆಡಿ, ಮಗು ಹುಟ್ಟಿದ ಮೇಲೆ ಅಲ್ಲ. ಮೀಸ್‌ನಲ್ಲಿ ಪರಮಪ್ರಸಾದಕ್ಕೆ, ಅಂದರೆ ಪವಿತ್ರ ರೊಟ್ಟಿ ಪಡೆಯಲು, ಎಲ್ಲರೂ ಸಾಲಾಗಿ ಹೋಗುವಾಗ ಕಥೋಲಿಕಳಲ್ಲದ ನಾನು ಬೆಂಚಿನಲ್ಲೇ ಕೂರುತ್ತೇನೆ. ಮೊದಮೊದಲು ಅಳು ಬರುತ್ತಿತ್ತು. ಅಧಿಕಾರದ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ ಎಂದು ಗೊತ್ತಾಗುವುದು ಆ ಬೆಂಚಿನ ಮೇಲೆ. ಏನೂ ಆಗಿಲ್ಲ ಎಂದು ತೋರಿಸಿಕೊಳ್ಳಬೇಡಿ, ನೋವಿದ್ದರೆ ಇದೆ ಎಂದು ಮನೆಯವರಿಗೆ ಹೇಳಿ.

ಇನ್ನು ನವೆಂಬರ್ 2, ಮೃತರ ಸ್ಮರಣೆಯ ದಿನ. ಮಾವ ತೀರಿಕೊಂಡ ವರ್ಷ ಅತ್ತೆ, "ಸಮಾಧಿಗೆ ಬರುತ್ತೀಯಾ?" ಎಂದು ಕೇಳಿದರು. ಸತ್ತವರಿಗಾಗಿ ನಾವು ಪ್ರಾರ್ಥಿಸುವುದಿಲ್ಲ ಎಂದು ಅವರಿಗೂ ಗೊತ್ತು. ಹೋದೆ. ಅವರು ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸಿದರು, ನಾನು ಗಾಳಿಗೆ ಕೈ ಅಡ್ಡ ಹಿಡಿದು ನಿಂತೆ. ಮುಗಿದ ಮೇಲೆ, "ನೀನೂ ಏನಾದರೂ ಹೇಳು" ಎಂದರು. ನಾನು ರೋಮಾಪುರದ ಪತ್ರದ ಆ ಭಾಗ ಓದಿದೆ, ಮರಣವಾಗಲಿ ಜೀವವಾಗಲಿ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರವು ಎನ್ನುವುದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮ ಬೈಬಲ್‌ನಲ್ಲೂ ಉಂಟಲ್ಲ, ಎಷ್ಟನೆಯ ಅಧ್ಯಾಯ?" ಎಂದರು. ಎಂಟು ಎಂದೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು, ಆ ಪುಟಕ್ಕೆ ಮಾವನ ಮರಣದ ಕಾರ್ಡನ್ನು ಇಟ್ಟರು.